ಗೆಳೆಯನ ಗಾಯವನ್ನು ಕಣ್ಣಾರೆ ಕಂಡ ಮಕ್ಕಳು

ಕಳೆದ ಮಳೆಗಾಲದಲ್ಲಿ ಜೆ.ಪಿ. ನಗರದ ನಮ್ಮ ಚಿಕಿತ್ಸಾಲಯಕ್ಕೆ ತಾಯಿಯೊಬ್ಬರು ಹದಿನೈದು ವರ್ಷದ ಮಗನನ್ನು ಕರೆತಂದರು. ನಾಲ್ಕು ದಿನಗಳಿಂದ ಭೇದಿ, ಊಟ ಸೇರದು, ನಿದ್ರೆ ಬಾರದು. ಹೊರಗಿನ ತಿಂಡಿಯ ದೋಷವೆಂದು ಅವರ ಊಹೆ. ನಾಡಿ, ನಾಲಿಗೆ, ಹೊಟ್ಟೆಗಳ ಪರೀಕ್ಷೆಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಆಟದ ಮಾತೆತ್ತಿದಾಗ ಹುಡುಗ ತಲೆ ತಗ್ಗಿಸಿದ. ಕಬಡ್ಡಿ ಅಭ್ಯಾಸದಲ್ಲಿ ಅವನ ಗೆಳೆಯನ ಕಾಲಿನ ಮೂಳೆ ಮುರಿದಿತ್ತು. ಮುರಿದ ಸದ್ದನ್ನು ಇವನು ಹತ್ತಿರದಿಂದಲೇ ಕೇಳಿದ್ದ. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಉಳಿದವರಿಗೆ ದೊರೆತದ್ದು ಒಂದೇ ಮಾತು: “ಗಂಡುಮಕ್ಕಳು ಅಳಬಾರದು, ಆಟದಲ್ಲಿ ಇದೆಲ್ಲ ಇದ್ದದ್ದೇ.”

ಚರಕಸಂಹಿತೆಯು ಅತಿಸಾರದ ಆರು ಬಗೆಗಳಲ್ಲಿ ಭಯದಿಂದ ಬರುವುದನ್ನೂ ಶೋಕದಿಂದ ಬರುವುದನ್ನೂ ಬೇರೆಬೇರೆಯಾಗಿ ಎಣಿಸಿದೆ. ಅವುಗಳಿಗೆ ವಾತಹರ ಕ್ರಮದೊಡನೆ ಹರ್ಷಣ ಮತ್ತು ಆಶ್ವಾಸನಗಳೇ ಚಿಕಿತ್ಸೆ. ಅಂದರೆ ಮನಸ್ಸಿಗೆ ಸಂತೋಷ ತರುವುದು, ಧೈರ್ಯ ತುಂಬುವುದು. ಅದೇ ಗ್ರಂಥವು ತಡೆಯಬಾರದ ಹದಿಮೂರು ವೇಗಗಳಲ್ಲಿ ಕಣ್ಣೀರನ್ನೂ ಸೇರಿಸಿದೆ. ಕಣ್ಣೀರು ತಡೆದವರಿಗೆ ನೆಗಡಿ, ಅರುಚಿ, ತಲೆಸುತ್ತು, ಹೃದ್ರೋಗಗಳೂ ಬರಬಹುದೆನ್ನುತ್ತದೆ. ಪರಿಹಾರವಾಗಿ ನಿದ್ರೆ, ಮದ್ಯ, ಪ್ರಿಯವಾದ ಮಾತುಕತೆಗಳನ್ನು ಹೇಳಿದೆ. ಮದ್ಯವನ್ನು ನಾವು ಕೈಬಿಟ್ಟಿದ್ದೇವೆ. ಮಿಕ್ಕೆರಡು ಮಕ್ಕಳಿಗೆ ಧಾರಾಳವಾಗಿ ಸಾಕು.

ಆ ಹುಡುಗನಿಗೆ ನಾವು ಹೇಳಿದ್ದು ಗಂಜಿ, ಮಜ್ಜಿಗೆ, ರಾತ್ರಿ ಅಂಗಾಲಿಗೆ ಬೆಚ್ಚಗಿನ ಎಳ್ಳೆಣ್ಣೆ; ಜೊತೆಗೆ, ಗೆಳೆಯನನ್ನು ಹೋಗಿ ನೋಡಿ ಬರುವುದು. ಕಾಣದ ಗಾಯವನ್ನು ಮನಸ್ಸು ದೊಡ್ಡದು ಮಾಡುತ್ತದೆ. ಪ್ಲಾಸ್ಟರ್ ಹಾಕಿಕೊಂಡು ಹರಟುತ್ತಿದ್ದ ಗೆಳೆಯನನ್ನು ಕಂಡು ಬಂದ ರಾತ್ರಿ ಅವನಿಗೆ ನಿದ್ರೆ ಬಂತು.

ಎಲ್ಲ ಘಟನೆಗಳೂ ಹೀಗೆ ಮುಗಿಯುವುದಿಲ್ಲ. 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಮೋಟಾರ್‌ಸೈಕಲ್ ಓಟದಲ್ಲಿ ನಮ್ಮ ಬೆಂಗಳೂರಿನ 13 ವರ್ಷದ ಶ್ರೇಯಸ್ ಹರೀಶ್ ಬಿದ್ದು ಅಸುನೀಗಿದ. ಉಳಿದ ಸ್ಪರ್ಧೆಗಳನ್ನು ರದ್ದುಗೊಳಿಸಲಾಯಿತು. ಅವನೊಡನೆ ಓಟ ಆರಂಭಿಸಿದ್ದ ಸವಾರರೂ ಅಂದು ಮನೆಗೆ ಮರಳಿದರಷ್ಟೆ. ಅವರು ಹೊತ್ತು ತಂದದ್ದನ್ನು ಯಾವ ಕ್ಷ-ಕಿರಣವೂ ತೋರಿಸದು.

ಇನ್ನೂ ಕಠಿಣವಾದದ್ದು ‘ನನ್ನಿಂದಲೇ ಆಯಿತು’ ಎಂಬ ಭಾವ. 2014ರ ನವೆಂಬರಿನಲ್ಲಿ ಸಿಡ್ನಿಯಲ್ಲಿ ಚೆಂಡು ತಗುಲಿ ಫಿಲಿಪ್ ಹ್ಯೂಸ್ ತೀರಿಕೊಂಡಾಗ, ಆ ಚೆಂಡೆಸೆದ ಷಾನ್ ಅಬಾಟ್ ಅವರಿಗೆ ಆಪ್ತಸಮಾಲೋಚನೆಯ ನೆರವು ದೊರೆಯಿತು. ಡಿಸೆಂಬರಿನಲ್ಲಿ ಅವರು ಅದೇ ಮೈದಾನಕ್ಕೆ ಮರಳಿದರು. ಕಾಲು ಹಿಡಿದ, ಡಿಕ್ಕಿ ಹೊಡೆದ, ಚೆಂಡೆಸೆದ ಮಗುವನ್ನು ಅಂದು ಸಂಜೆ ಒಬ್ಬಂಟಿಯಾಗಿ ಬಿಡಬಾರದು. ‘ನಿನ್ನ ತಪ್ಪಲ್ಲ’ ಎಂಬ ಮಾತನ್ನು ತರಬೇತುದಾರರೇ ಇಡೀ ತಂಡದೆದುರು ಹೇಳಿದರೆ ಅದರ ತೂಕವೇ ಬೇರೆ.

ಗಾಯಾಳುವಿನ ಸ್ಥಿತಿಯನ್ನು ಮಕ್ಕಳಿಗೆ ಉಳಿದಂತೆಯೇ ತಿಳಿಸಬೇಕು. ಸುಳ್ಳು ಸಮಾಧಾನ ಬೇಡ. ಕಂಡದ್ದನ್ನು ಹೇಳೆಂದು ಪೀಡಿಸುವುದೂ ಬೇಡ. ತಾನಾಗಿ ಹೇಳಿದಾಗ ಕೈಗೆಲಸ ಬಿಟ್ಟು ಕೇಳಬೇಕು. ಮೊಬೈಲಿನಲ್ಲಿ ಆ ದೃಶ್ಯವಿದ್ದರೆ ಮತ್ತೆ ಮತ್ತೆ ನೋಡದಂತೆ ಎಚ್ಚರ ವಹಿಸಬೇಕು. ಮೈದಾನಕ್ಕೆ ಮರಳುವಾಗ ಮೊದಲು ಕುಳಿತು ನೋಡಲಿ, ಬಳಿಕ ಓಡಲಿ, ಕೊನೆಗೆ ಆಡಲಿ. ಅವಸರಪಡುವವರು ಸಾಮಾನ್ಯವಾಗಿ ಪೋಷಕರೇ.

ಬೆಚ್ಚಿಬೀಳುವುದು, ದುಃಸ್ವಪ್ನ, ಮೈದಾನದ ಹೆಸರೆತ್ತಿದರೆ ನಡುಕ ಒಂದು ತಿಂಗಳು ದಾಟಿಯೂ ಉಳಿದರೆ ನಮ್ಮಂಥ ವೈದ್ಯರ ಕಷಾಯವನ್ನೇ ನಂಬಿ ಕೂಡಬಾರದು. ನಿಮ್ಹಾನ್ಸ್ ಸಂಸ್ಥೆಯ ಸ್ವಾಸ್ಥ್ಯ ಕೇಂದ್ರವು ಇಲ್ಲೇ ಬಿ.ಟಿ.ಎಂ. ಬಡಾವಣೆಯಲ್ಲಿದೆ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು. ಬದುಕು ಬೇಡವೆಂಬ ಮಾತು ಮಗುವಿನ ಬಾಯಲ್ಲಿ ಬಂದರೆ ತಿಂಗಳು ಕಾಯದೆ ಅಂದೇ ಕರೆ ಮಾಡಿರಿ.