ಸುಟ್ಟ ಮನೆಯ ಕ್ರಯ

ನಮ್ಮ ಮನೆಗೆ ಬೆಂಕಿ ಬಿದ್ದದ್ದು ಚೈತ್ರದ ಒಂದು ಮಧ್ಯಾಹ್ನ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಿಂದ ನಡೆದು ಹೋಗುವಷ್ಟು ದೂರದ ಊರು. ಕೊಟ್ಟಿಗೆ ಅಟ್ಟದ ಹುಲ್ಲಿಗೆ ಹತ್ತಿದ ಕಿಡಿ ಗಾಳಿಗೆ ಮನೆಯ ಮಾಡಿಗೆ ದಾಟಿತು. ಸಾಗರದಿಂದ ಅಗ್ನಿಶಾಮಕದ ಗಾಡಿ ಬರುವ ಹೊತ್ತಿಗೆ ಹೆಂಚು ಸಿಡಿದು ಸಿಡಿದು ಅಂಗಳಕ್ಕೆ ಬೀಳುತ್ತಿತ್ತು. ಒಂಬತ್ತನೇ ದಿನ ಅಪ್ಪಯ್ಯ ಅದನ್ನು ಜಾಗ ಸಮೇತ ಮಾರಿಬಿಟ್ಟರು. ಕೊಂಡವರು ಚೀಲದಲ್ಲಿ ನೋಟು ತಂದಿದ್ದರು. ಸುಡದೆ ಉಳಿದಿದ್ದ ಜಗಲಿಯ ತುದಿಯಲ್ಲಿ ಕೂತು ಎಣಿಸಿದೆವು. ತಿಂಗಳೊಳಗೆ ಅವರು ಕಂಬಗಳ ಮಸಿ ಕೆತ್ತಿಸಿದಾಗ ಒಳಗಿಂದ ನೇರಳೆ ಛಾಯೆಯ ಬೀಟೆ ಹೊರಬಂತು. ಆ ಕಂಬಗಳು ಲಾರಿ ಹತ್ತುವಾಗ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಬರೀ ಮರದ ಬೆಲೆಯೇ ನಮಗೆ ಸಿಕ್ಕ ಹಣದ ಅರ್ಧಕ್ಕಿಂತ ಹೆಚ್ಚಿತ್ತು ಎಂದು ಆಮೇಲೆ ತಿಳಿಯಿತು. ಅಪ್ಪಯ್ಯ ತೀರಿಕೊಳ್ಳುವವರೆಗೂ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ಆಮೇಲೆ ನಾನು ಸಾಗರದಲ್ಲಿ ಪತ್ರ ಬರೆಯುವ ಕೆಲಸಕ್ಕೆ ಕೂತೆ. ಇಪ್ಪತ್ತೆಂಟು ವರ್ಷ ಆಯಿತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹದಿನೇಳು ಸುಟ್ಟ ಮನೆಗಳ ಕ್ರಯಪತ್ರ ನನ್ನ ಕೈಯಿಂದ ದಾಟಿವೆ. ರಿಪೇರಿ ಮಾಡಿಸುವ ತ್ರಾಣವಿಲ್ಲ, ಮಕ್ಕಳು ಬೆಂಗಳೂರಲ್ಲಿದ್ದಾರೆ, ಹೇಗಿದೆಯೋ ಹಾಗೆ ಯಾರಾದರೂ ತಗೊಂಡು ಕೈಗೆ ದುಡ್ಡು ಕೊಟ್ಟರೆ ಸಾಕು ಎಂದು ಬರುವವರು ಇವರು. ಅವರಿಗೆ ಎದುರು ಕೂತು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಬೂದಿ ಆರುವ ಮುನ್ನ ದರ ಹೇಳಬಾರದು.

ನಮ್ಮ ಕಡೆ ಮನೆಗೆ ಬೆಂಕಿ ಬೀಳುವುದು ಹೆಚ್ಚಾಗಿ ಬೇಸಿಗೆಯಲ್ಲಿ. ದರಗು ಒಣಗಿರುತ್ತದೆ, ಹುಲ್ಲು ಅಟ್ಟದಲ್ಲಿರುತ್ತದೆ. ಅಲ್ಲಿಂದ ಮಳೆಗಾಲಕ್ಕೆ ಎರಡೋ ಮೂರೋ ತಿಂಗಳು. ಕೊಳ್ಳಲು ಬಂದವರು ಹೇಳುವ ಮೊದಲ ಮಾತೇ, "ಒಂದು ಮಳೆ ಹೊಡೆದರೆ ಗೋಡೆ ಕೆಸರು ಭಟ್ರೇ, ಆಮೇಲೆ ಯಾರೂ ಕೇಳೋದಿಲ್ಲ" ಎಂದು. ಮಾತಿನಲ್ಲಿ ಸುಳ್ಳಿಲ್ಲ. ಮಾಡಿಲ್ಲದ ಮಣ್ಣಿನ ಗೋಡೆ ಹೊಸನಗರದ ಆಷಾಢದ ಮಳೆಗೆ ಹದಿನೈದು ದಿನ ನಿಲ್ಲುವುದಿಲ್ಲ. ಆದರೆ ಅವರು ಕೊಳ್ಳುತ್ತಿರುವುದು ಮನೆಗಿಂತ ಹೆಚ್ಚಾಗಿ ನಿಮ್ಮ ಅವಸರವನ್ನು. ಆ ಅವಸರ ಕಳೆಯಲು ಬೇಕಾದದ್ದು ಬಹಳ ಕಡಿಮೆ. ಗೋಡೆಯ ತಲೆಗೆ ಅಡಿಕೆ ಸೋಗೆ ಇಲ್ಲವೇ ಹಳೆ ತಗಡು ಹೊದಿಸಿ, ಮೇಲೆ ಟಾರ್ಪಾಲು ಕಟ್ಟಿ, ಅಂಗಳದ ನೀರು ಹೊರಹೋಗಲು ಕಾಲುವೆ ಬಿಡಿಸಿ. ನಾಲ್ಕಾಳಿನ ಎರಡು ದಿನದ ಕೆಲಸ. ಆನಂದಪುರದ ಕಡೆಯ ಒಂದು ಮನೆಯವರು ಇಷ್ಟೇ ಮಾಡಿ ದೀಪಾವಳಿವರೆಗೆ ಕಾದರು. ಮೇ ತಿಂಗಳಲ್ಲಿ ಒಬ್ಬರೇ ಕೇಳಿದ್ದ ಜಾಗಕ್ಕೆ ನವೆಂಬರಿನಲ್ಲಿ ನಾಲ್ಕು ಮಂದಿ ಬಂದರು. ಮಳೆಗಾಲ ಕಳೆದ ಮೇಲೆ ಬಾವಿಯಲ್ಲಿ ನೀರು, ತೋಟದಲ್ಲಿ ಹಸಿರು, ರಸ್ತೆಯೂ ಓಡಾಡುವಂತಿರುತ್ತದೆ. ಅದೇ ಜಾಗ ಬೇರೆಯಾಗಿ ಕಾಣುತ್ತದೆ.

ಕಾಯುವ ದಿನಗಳಲ್ಲಿ ಮೆಸ್ಕಾಂಗೆ ಬರೆದುಕೊಟ್ಟು ವಿದ್ಯುತ್ ಸಂಪರ್ಕ ಕಡಿಸಿ. ಅರೆ ಸುಟ್ಟ ವೈರು ಒದ್ದೆ ಗೋಡೆಯೊಳಗೆ ಇರಬಾರದು.

2. ಕಸ ತೆಗೆಯುವ ಮುಂಚೆ ಕಾಗದ.

ಅಗ್ನಿಶಾಮಕ ಠಾಣೆಯ ವರದಿ, ಪೊಲೀಸ್ ದೂರಿನ ಪ್ರತಿ, ಗ್ರಾಮ ಆಡಳಿತಾಧಿಕಾರಿಯ ಸ್ಥಳ ಮಹಜರು, ನಾಲ್ಕೂ ದಿಕ್ಕಿನ ಫೋಟೋ. ಸರ್ಕಾರ ಪರಿಹಾರ ಕೊಡುವ ವಿಪತ್ತುಗಳ ಪಟ್ಟಿಯಲ್ಲಿ ನೆರೆ, ಬರದ ಜೊತೆ ಬೆಂಕಿಯೂ ಇದೆ ಎಂಬುದು ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲ. ಮನೆ ಸಾಲ ತೆಗೆದಿದ್ದರೆ ಬ್ಯಾಂಕಿನವರು ಸಾಮಾನ್ಯವಾಗಿ ವಿಮೆ ಮಾಡಿಸಿರುತ್ತಾರೆ. ಆ ಪಾಲಿಸಿ ಪತ್ರ ಮನೆಯೊಟ್ಟಿಗೆ ಸುಟ್ಟಿದ್ದರೂ ಬ್ಯಾಂಕಿನಲ್ಲಿ ಅದರ ಲೆಕ್ಕ ಉಳಿದಿರುತ್ತದೆ, ಕೇಳಿ. ಸರ್ವೇಯರ್ ಬಂದು ನೋಡುವವರೆಗೆ ಒಂದು ಪಕಾಸಿಯನ್ನೂ ಅಲುಗಿಸಬೇಡಿ. ವಿಮೆ ಹಣ ಕೈಸೇರುವ ಮುಂಚೆ ಮಾರುವುದೇ ಆದರೆ ಆ ಹಣ ಯಾರದ್ದು ಎಂದು ಕರಾರಿನಲ್ಲಿ ಬರೆಸಿ. ಬರೆಸದೆ ಇದ್ದದ್ದಕ್ಕೆ ಅಣ್ಣತಮ್ಮಂದಿರಂತಿದ್ದ ಇಬ್ಬರು ಕೋರ್ಟಿಗೆ ಹೋದದ್ದು ನೋಡಿದ್ದೇನೆ.

3. ಇದ್ದಿಲಿನ ಒಳಗೆ ಮರ ಇರುತ್ತದೆ.

ಇದನ್ನು ನನಗೆ ಕಲಿಸಿದವರು ಒಬ್ಬ ಹಿರಿಯ ಆಚಾರ್ರು. ಅವರ ತಂದೆ ಮುಳುಗಡೆಯ ಕಾಲದಲ್ಲಿ, ಎಂದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಮೇಲೇರಿದಾಗ, ಮನೆ ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದರಂತೆ. ತೊಲೆ, ಕಂಬ, ಬೋದಿಗೆಗಳಿಗೆ ಉಳಿಯಲ್ಲಿ ಗುರುತು ಹೊಡೆದು, ಗಾಡಿಯಲ್ಲಿ ಸಾಗಿಸಿ, ಬೇರೆ ಊರಲ್ಲಿ ಮತ್ತೆ ನಿಲ್ಲಿಸುವುದು. ಮಲೆನಾಡಿನ ಮನೆ ಬಿಚ್ಚಲಿಕ್ಕೆ ಬರುವಂಥದ್ದು, ಜೋಡಿಸಲಿಕ್ಕೂ ಬರುವಂಥದ್ದು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಪಾಳುಬಿದ್ದ ಹಳೆ ಮನೆಗಳನ್ನು ಬಿಚ್ಚಿ ತಂದು ಒಂದು ಊರನ್ನೇ ಕಟ್ಟಿದ್ದು ಇದೇ ಕಾರಣಕ್ಕೆ ಸಾಧ್ಯವಾಯಿತು.

ದಪ್ಪ ಮರ ಸುಡುವಾಗ ಮೇಲೆ ಇದ್ದಿಲಿನ ಪದರ ಕಟ್ಟಿಕೊಳ್ಳುತ್ತದೆ, ಆ ಪದರವೇ ಒಳಗಿನ ತಿರುಳಿಗೆ ಶಾಖ ಹೋಗದಂತೆ ತಡೆಯುತ್ತದೆ. ಗಂಟೆ ಹೊತ್ತು ಉರಿದರೂ ಒಂದು, ಹೆಚ್ಚೆಂದರೆ ಒಂದೂವರೆ ಇಂಚು ಒಳಹೋಗುತ್ತದೆ. ಒಂಬತ್ತು ಇಂಚಿನ ಚೌಕ ಕಂಬ ನಾಲ್ಕೂ ಕಡೆ ಒಂದೂವರೆ ಇಂಚು ಕಳೆದುಕೊಂಡರೂ ಒಳಗೆ ಆರಿಂಚು ಗಟ್ಟಿ ಇರುತ್ತದೆ. ಎಂಟಡಿ ಎತ್ತರಕ್ಕೆ ಅದು ಎರಡು ಘನ ಅಡಿ ಹಳೆ ಮರ. ಬೀಟೆಯೋ ಹೊನ್ನೆಯೋ ಸಾಗುವಾನಿಯೋ ಆಗಿದ್ದರೆ ಕಣ್ಣುಮುಚ್ಚಿ ಬಿಟ್ಟುಕೊಡುವ ವಸ್ತುವಲ್ಲ. ರೀಪು, ಪಕಾಸಿಗಳಂಥ ಸಣ್ಣ ಮರ ಪೂರ್ತಿ ಹೋಗಿರುತ್ತದೆ, ಅದರ ಆಸೆ ಬಿಡಿ.

ಆಚಾರ್ರು ಬಾಚಿಯಲ್ಲಿ ಕಂಬದ ಒಂದು ಮೂಲೆಯನ್ನು ಅಂಗೈಯಗಲ ಕೆತ್ತಿ ತೋರಿಸುತ್ತಿದ್ದರು. ಕಪ್ಪು, ಆಮೇಲೆ ಕಂದು, ಆಮೇಲೆ ಮರದ ನಿಜ ಬಣ್ಣ. ಪ್ರತಿ ಕಂಬಕ್ಕೂ ಹಾಗೆ ಮಾಡಿಸಿ, ಅಳೆದು, ಪಟ್ಟಿ ಬರೆಯಿರಿ. ಒಬ್ಬ ನಂಬಿಗಸ್ಥ ಆಚಾರಿಯ ಒಂದು ದಿನದ ಕೂಲಿ ಮಾತ್ರ ಖರ್ಚು. ಅಂಥ ಪಟ್ಟಿ ಕೈಯಲ್ಲಿದ್ದಿದ್ದರೆ ಅಪ್ಪಯ್ಯ ಆ ದಿನ ಜಗಲಿಯ ತುದಿಯಲ್ಲಿ ಕೂರುತ್ತಿರಲಿಲ್ಲ.

ಮರವನ್ನು ಬೇರೆ ಮಾರುವುದಾದರೆ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಸಾಗಾಣಿಕೆ ಪಾಸ್ ಆಗದೆ ಲಾರಿ ಹತ್ತಿಸಬೇಡಿ. "ಅದೆಲ್ಲ ನಾವು ನೋಡ್ಕೋತೀವಿ" ಎನ್ನುವ ವ್ಯಾಪಾರಿಯಿಂದ ದೂರ ಇರಿ. ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದಾಗ ಹೊರಬರುವುದು ಮನೆ ಯಜಮಾನರ ಹೆಸರು.

ಸಿಮೆಂಟಿನ ಹೊಸ ಭಾಗದ್ದು ಬೇರೆ ಕತೆ. ಕಾಂಕ್ರೀಟು ತಿಳಿಗೆಂಪಿಗೆ ತಿರುಗಿದ್ದರೆ ಸುಮಾರು 300 ಡಿಗ್ರಿ ಶಾಖ ಕಂಡಿದೆ ಎಂದು ಅರ್ಥ. 600ರ ಹತ್ತಿರ ಹೋದರೆ ಆ ಶಾಖದಲ್ಲಿ ಒಳಗಿನ ಕಬ್ಬಿಣದ ಬಲವೂ ಅರ್ಧಕ್ಕೆ ಇಳಿದಿರುತ್ತದೆ. ಅಂಥ ತಾರಸಿಯನ್ನು ಆಸ್ತಿ ಎಂದು ಲೆಕ್ಕ ಹಾಕದೆ ಕೆಡವುವ ಖರ್ಚು ಎಂದು ಬರೆದುಕೊಳ್ಳಿ.

4. ಮೂರು ಚೀಟಿ.

ಒಂದರಲ್ಲಿ ಮನೆಯೇ ಇಲ್ಲದಿದ್ದರೆ ಆ ಜಾಗ, ಬಾವಿ, ದಾರಿಗೆ ಎಷ್ಟು. ಎರಡನೆಯದರಲ್ಲಿ ಮರ, ಚಿರೆಕಲ್ಲು, ಒಡೆಯದ ಹೆಂಚು, ಕಲ್ಲಿನ ಕಂಬ, ಒರಳು. ಮೂರನೆಯದರಲ್ಲಿ ಕೆಡವಿ ಸಾಗಿಸುವ ಖರ್ಚು. ಮೊದಲೆರಡನ್ನು ಕೂಡಿಸಿ ಮೂರನೆಯದನ್ನು ಕಳೆಯಿರಿ. ಕೊಳ್ಳುವವರು ಮೂರನೆಯ ಚೀಟಿಯನ್ನು ಮಾತ್ರ ಗಟ್ಟಿಯಾಗಿ ಓದುತ್ತಾರೆ.

5. ಮನೆ ಯಾವ ಜಾಗದಲ್ಲಿದೆ ಎಂದು ನಿಮಗೇ ಗೊತ್ತಿರುವುದಿಲ್ಲ.

ಇದು ಬೈಗುಳವಲ್ಲ. ನೂರು ವರ್ಷ ಒಂದೇ ಕುಟುಂಬ ಬಾಳಿದ ಕಡೆ ಯಾರೂ ಗಡಿಯ ಬಗ್ಗೆ ಯೋಚಿಸಿರುವುದಿಲ್ಲ. ನಮ್ಮ ಮೂರು ತಾಲ್ಲೂಕಿನ ಎಷ್ಟೋ ಮನೆಗಳು ಗ್ರಾಮಠಾಣಾದಲ್ಲಿ ಇಲ್ಲ, ತೋಟದ ಸರ್ವೆ ನಂಬರಿನೊಳಗೇ ಇವೆ. ಅವಕ್ಕೆ ಪಂಚಾಯ್ತಿಯ ಇ-ಸ್ವತ್ತಿನ ಫಾರಂ 9 ಸಿಗುವುದಿಲ್ಲ. ಪಹಣಿಯ ಜಮೀನಾಗಿಯೇ ಮಾರಬೇಕು, ಅದರಲ್ಲಿ ಒಂದು ತುಂಡು ಮಾತ್ರ ಮಾರುವುದಾದರೆ ಮೊದಲು 11ಇ ನಕ್ಷೆ ಆಗಬೇಕು. ಕೊಟ್ಟಿಗೆ, ಗೊಬ್ಬರಗುಂಡಿ ಸೊಪ್ಪಿನಬೆಟ್ಟಕ್ಕೆ ಚಾಚಿರುತ್ತವೆ. ಬೆಟ್ಟದ ಮೇಲೆ ನಮಗಿರುವುದು ಸೊಪ್ಪು, ದರಗು ತರುವ ಸೌಲಭ್ಯ, ಮಾರುವ ಹಕ್ಕಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ, 1978ರ ಪಿಟಿಸಿಎಲ್ ಕಾಯ್ದೆಗೆ ಒಳಪಟ್ಟ ಮಂಜೂರಿ ಜಮೀನಾದರೆ ಸರ್ಕಾರದ ಅನುಮತಿ ಇಲ್ಲದ ಕ್ರಯ ಊರ್ಜಿತವೇ ಅಲ್ಲ.

ಎಲ್ಲಕ್ಕಿಂತ ಸಂಕಟದ್ದು ಮುಳುಗಡೆ ಸಂತ್ರಸ್ತರದ್ದು. ನಾಡಿಗೆ ಬೆಳಕು ಕೊಡಲು ಊರು ಬಿಟ್ಟು ಬಂದವರು, ಮೂರನೇ ತಲೆಮಾರಿನಲ್ಲೂ ಎಷ್ಟೋ ಮಂದಿಗೆ ಹಕ್ಕುಪತ್ರದ ಗೊಂದಲ ಮುಗಿದಿಲ್ಲ. ಅಂಥ ಒಂದು ಮನೆ ಸುಟ್ಟಾಗ ಯಜಮಾನರು ನನ್ನ ಬಳಿ ಬಂದರು. ಜಾಗ ಅವರ ಹೆಸರಲ್ಲಿ ಇಲ್ಲ. ಮಾರಲಿಕ್ಕೆ ಇದ್ದದ್ದು ಮರ ಮತ್ತು ಹೆಂಚು ಮಾತ್ರ. ಬಾಂಡ್ ಪೇಪರಿನ ಮೇಲೆ ಜಾಗವನ್ನೂ ಬರೆದುಕೊಡಿ ಎಂದು ಕೊಳ್ಳುವವರು ಒತ್ತಾಯಿಸಿದರು. ನಾನು ಬರೆಯಲಿಲ್ಲ. ಬರೆದಿದ್ದರೆ ನಾಳೆ ಹಕ್ಕುಪತ್ರ ಬಂದ ದಿನ ಅದಕ್ಕೂ ಆ ಕೊಂಡವರೇ ಜಗಳಕ್ಕೆ ನಿಲ್ಲುತ್ತಿದ್ದರು.

6. ಕೈಗೆ ದುಡ್ಡು ಎಂದರೆ ನೋಟಿನ ಕಟ್ಟು ಅಲ್ಲ.

ಜೂನ್ 1, 2015ರಿಂದ ಸ್ಥಿರಾಸ್ತಿ ಮಾರಾಟಕ್ಕೆ, ಮುಂಗಡವೂ ಸೇರಿ, 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರ ಮೇಲೆ. ಇಬ್ಬರಿಗೂ ಕೃಷಿ ಆದಾಯವಿದ್ದು, ಇಬ್ಬರಲ್ಲಿ ಯಾರಿಗೂ ತೆರಿಗೆ ಬೀಳುವ ಆದಾಯ ಇಲ್ಲದಿದ್ದರೆ ವಿನಾಯಿತಿ ಉಂಟು. ಆದರೆ ಎದುರಿನವರ ಆದಾಯ ಏನೆಂದು ನಿಮಗೆ ಹೇಗೆ ಗೊತ್ತು? ಮರವನ್ನು ಬೇರೆ ಮಾರಿದಾಗಲೂ ಎರಡು ಲಕ್ಷ ಮುಟ್ಟುವ ನಗದು ಬೇಡ. ಡಿಡಿ ಇಲ್ಲವೇ ಬ್ಯಾಂಕ್ ವರ್ಗಾವಣೆ, ಅದರ ನಂಬರು ಕ್ರಯಪತ್ರದಲ್ಲಿ. ಬ್ಯಾಂಕಿನ ಸಾಲವಿಲ್ಲದೆ ತಮ್ಮದೇ ಹಣದಿಂದ ಒಂದೇ ಸಲಕ್ಕೆ ಕೊಡುವವರು ಸಿಕ್ಕರೆ ಅದು ಒಳ್ಳೆಯದೇ, ಸುಟ್ಟ ಮನೆಗೆ ಬ್ಯಾಂಕು ಸಾಲ ಕೊಡುವುದು ಕಷ್ಟ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾದ್ದರಿಂದ ಹೋಂಸ್ಟೇ ಮಾಡುವವರು ಹಾಗೆ ಬರುತ್ತಾರೆ. ಪೂರ್ತಿ ಹಣ ಖಾತೆಗೆ ಬಿದ್ದ ಮೇಲೆ ಸಹಿ.

ಸ್ವಲ್ಪ ಮುಂಗಡ ಕೊಟ್ಟು ಜಿಪಿಎ, ಎಂದರೆ ಸಾಮಾನ್ಯ ಅಧಿಕಾರ ಪತ್ರ, ಕೇಳುವವರಿಗೆ ಒಪ್ಪಬೇಡಿ. ಜಿಪಿಎ ಮೂಲಕ ಮಾಲೀಕತ್ವ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಅವರು ನಿಮ್ಮ ಮನೆಯನ್ನು ಇನ್ನೊಬ್ಬರಿಗೆ ಹೆಚ್ಚಿನ ದರಕ್ಕೆ ತೋರಿಸುತ್ತ ಓಡಾಡುವಾಗ ನೀವು ಕೈಕಟ್ಟಿ ಕೂತಿರಬೇಕಾಗುತ್ತದೆ.

7. ಅಕ್ಕತಂಗಿಯರ ಸಹಿ.

ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳಿಗೂ ಸಮಪಾಲು. 2005ರ ತಿದ್ದುಪಡಿ ಅದು, ತಂದೆ ಆಗ ಬದುಕಿರಬೇಕಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು. ಫೋನು ಮಾಡಿ, ಕರೆಸಿ, ಕೂರಿಸಿ ಮಾತಾಡಿ.

8. ಗೋಡೆಗೆ ಸುಣ್ಣ ಬಳಿಯಬೇಡಿ.

ತೀರ್ಥಹಳ್ಳಿ ಕಡೆಯ ಒಬ್ಬರು ಒಳಗಿನ ಮಸಿಗೆ ಸುಣ್ಣ ಹೊಡೆಸಿ, ಬಿರುಕಿಗೆ ಸಿಮೆಂಟು ತುಂಬಿಸಿ ಮಾರಿದರು. ಮೊದಲ ಮಳೆಗೆ ಗೋಡೆ ಬಂತು, ಹಿಂದೆಯೇ ನೋಟೀಸೂ ಬಂತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿರುವ, ಕೊಳ್ಳುವವರಿಗೆ ಸುಲಭವಾಗಿ ಕಾಣದ ದೊಡ್ಡ ದೋಷವನ್ನು ಮಾರುವವರು ಹೇಳಲೇಬೇಕು. ನಾನು ಬರೆಯುವ ಪತ್ರದಲ್ಲಿ ಬೆಂಕಿಯ ತಾರೀಖು, ಸುಟ್ಟ ಭಾಗ, ಬಿರುಕಿನ ಗೋಡೆ, ಅಗ್ನಿಶಾಮಕ ವರದಿಯ ನಂಬರು ಎಲ್ಲವೂ ಇರುತ್ತವೆ. ಕೊಳ್ಳುವವರು ಸ್ಥಳ ನೋಡಿ ಯಥಾಸ್ಥಿತಿಯಲ್ಲಿ ಒಪ್ಪಿದ್ದಾರೆ ಎಂಬ ಸಾಲು ಅದರ ಕೆಳಗೆ ಬರುತ್ತದೆ. ದೋಷ ಮುಚ್ಚಿಟ್ಟವರನ್ನು ಆ ಸಾಲು ಕಾಪಾಡುವುದಿಲ್ಲ.

9. ಕಾಗದದಲ್ಲಿ ಮನೆ ಇನ್ನೂ ಸುಟ್ಟಿರುವುದಿಲ್ಲ.

ಪಂಚಾಯ್ತಿಯ ಪುಸ್ತಕದಲ್ಲಿ ಅಷ್ಟು ಚದರದ ಹೆಂಚಿನ ಮನೆ ಹಾಗೇ ನಿಂತಿರುತ್ತದೆ. ಮಾರ್ಗಸೂಚಿ ಬೆಲೆ ಲೆಕ್ಕ ಹಾಕುವಾಗ ಅದೂ ಸೇರುತ್ತದೆ. ಮುದ್ರಾಂಕ ಶುಲ್ಕ ಕೊಳ್ಳುವವರ ಹೊರೆ ಎಂದು ಸುಮ್ಮನಾಗಬೇಡಿ. ಮಾರ್ಗಸೂಚಿ ಬೆಲೆ ಕ್ರಯದ ಮೊತ್ತದ ಶೇ. 110ನ್ನು ಮೀರಿದರೆ, ಆದಾಯ ತೆರಿಗೆಯವರು ಆ ಹೆಚ್ಚಿನ ಬೆಲೆಯೇ ನಿಮಗೆ ಬಂತೆಂದು ಹಿಡಿಯುತ್ತಾರೆ. ಬಾರದ ಹಣಕ್ಕೆ ತೆರಿಗೆ. ಆದ್ದರಿಂದ ಮಹಜರು ಇಟ್ಟು ಅರ್ಜಿ ಕೊಟ್ಟು ಪಂಚಾಯ್ತಿ ದಾಖಲೆಯಲ್ಲಿ ಕಟ್ಟಡ ನಾಶವಾಗಿದೆ ಎಂದು ಮೊದಲೇ ನಮೂದು ಮಾಡಿಸಿ.

10. ಮಾರದೆ ಉಳಿಸಿಕೊಳ್ಳುವುದನ್ನೂ ಬರೆಸಿ.

ಎಲ್ಲ ಮುಗಿದ ಮೇಲೆ ನಾನು ಮನೆಯ ಹೆಂಗಸರನ್ನು ಕೇಳುತ್ತೇನೆ, "ಏನಾದರೂ ಇಟ್ಟುಕೊಳ್ಳೋದಿದೆಯಾ ಅಮ್ಮಾ?" ಗಂಡಸರು ಇಲ್ಲ ಎಂದಿರುತ್ತಾರೆ. ಹೆಂಗಸರು ಯೋಚಿಸಿ ಹೇಳುತ್ತಾರೆ: ತುಳಸಿಕಟ್ಟೆಯ ಕಲ್ಲು, ದೇವರ ಕೋಣೆಯ ಬಾಗಿಲು, ಅತ್ತೆ ಕಾಲದ ಬೀಸುಕಲ್ಲು. ಹೊಸನಗರದ ಒಬ್ಬ ಅಜ್ಜಿ ಹಿತ್ತಲಿನ ಚೌಡಿಯ ಬನವನ್ನು ಕೇಳಿದರು. ಜಾಗದ ನಡುವಿನ ಬನವನ್ನು ಹೇಗೆ ಎತ್ತಿಕೊಂಡು ಹೋಗುವುದು? ಕೊಳ್ಳಲು ಬಂದಿದ್ದ ಬೆಂಗಳೂರಿನ ದಂಪತಿ ಅಜ್ಜಿಯ ಮುಖ ನೋಡಿ ಒಪ್ಪಿದರು. ಷೆಡ್ಯೂಲಿನ ಕೆಳಗೆ ಬರೆದೆ: ಸದರಿ ಸ್ವತ್ತಿನ ಈಶಾನ್ಯ ಮೂಲೆಯಲ್ಲಿರುವ ಚೌಡಿ ಬನಕ್ಕೆ ವರ್ಷಕ್ಕೊಮ್ಮೆ ಪೂಜೆ ಸಲ್ಲಿಸಲು ಮಾರಾಟಗಾರರ ಕುಟುಂಬದವರಿಗೆ ದಾರಿ ಬಿಡತಕ್ಕದ್ದು.

ಅಜ್ಜಿ ಈಗಿಲ್ಲ. ಸೊಸೆ ಪ್ರತಿ ವರ್ಷ ಹಣ್ಣುಕಾಯಿ ಹಿಡಿದು ಹೋಗುತ್ತಾರೆ. ಕೊಂಡವರು ಹಿಂದಿನ ದಿನವೇ ಬನದ ದಾರಿ ಸವರಿಸಿಟ್ಟಿರುತ್ತಾರಂತೆ.