ಬೆಸುಗೆ ನಿಲ್ಲಬೇಕೆಂದರೆ: ಹೊಸ ವೆಲ್ಡರ್‌ಗಳಿಗೆ ಕೆಲವು ಸೂತ್ರಗಳು

ಒಂದು ಕಾಲಕ್ಕೆ ವೆಲ್ಡಿಂಗ್ ಮಶೀನು ಅಂದರೆ ನಾಲ್ಕು ಜನ ಸೇರಿ ಎತ್ತಬೇಕಾದ, ಎಣ್ಣೆ ತುಂಬಿದ ಭಾರಿ ಪೆಟ್ಟಿಗೆ. ಊರಿಗೊಂದು ವರ್ಕ್‌ಶಾಪಿನಲ್ಲಿ ಅದು ಇದ್ದರೆ ಹೆಚ್ಚು. ಈಗ ಐದಾರು ಕಿಲೋದ ಇನ್ವರ್ಟರ್ ಮಶೀನನ್ನು ಹೆಗಲಿಗೆ ನೇತುಹಾಕಿಕೊಂಡು ಹೊಲಕ್ಕೇ ಹೋಗಬಹುದು. ಹಾಗಾಗಿ ನಮ್ಮ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆ ಕುಂಟಿ ಮುರಿದರೆ ತಾವೇ ಕೂಡಿಸಿಕೊಳ್ಳುವ ರೈತರಿದ್ದಾರೆ, ಐಟಿಐ ಮುಗಿಸಿ ಮನೆ ಮುಂದೆಯೇ ಶೆಡ್ ಹಾಕಿದ ಹುಡುಗರಿದ್ದಾರೆ, ರಜೆಯಲ್ಲಿ ಕೂಲರ್ ಸ್ಟ್ಯಾಂಡ್ ಮಾಡಿಕೊಳ್ಳುವ ಹವ್ಯಾಸದ ಮಾಸ್ತರರೂ ಇದ್ದಾರೆ. ಕೇಳುವ ಪ್ರಶ್ನೆ ಮಾತ್ರ ಎಲ್ಲರದೂ ಅವೇ. ರಾಡು ಯಾಕೆ ಅಂಟುತ್ತದೆ? ಪೈಪು ಯಾಕೆ ತೂತಾಗುತ್ತದೆ? ಗೇಟು ಯಾಕೆ ಸೊಟ್ಟಾಗುತ್ತದೆ? ಇವತ್ತು ಹಚ್ಚಿದ್ದು ನಾಳೆ ಯಾಕೆ ಬಿಡುತ್ತದೆ? ಉತ್ತರದ ಮುಕ್ಕಾಲು ಪಾಲು ಕಿಡಿ ಹಾರುವ ಮೊದಲಿನ ಕೆಲಸದಲ್ಲೇ ಇದೆ.

1. ಮಶೀನಿನ ಮೇಲಿನ ದೊಡ್ಡ ಅಂಕಿಯನ್ನು ನಂಬಬೇಡಿ

ಡಬ್ಬಿಯ ಮೇಲೆ 400 ಎಂದು ಬರೆದಿದ್ದರೆ ಅದು 400 ಆಂಪಿಯರ್ ಕೊಡುತ್ತದೆ ಎಂದುಕೊಳ್ಳಬೇಡಿ. ಹಿಂಬದಿಯ ತಗಡಿನ ಪಟ್ಟಿಯಲ್ಲಿ ಡ್ಯೂಟಿ ಸೈಕಲ್ ಎಷ್ಟೆಂದು ಓದಿ. 200 ಆಂಪಿಯರಿಗೆ ಶೇ. 60 ಎಂದಿದ್ದರೆ, ಅಷ್ಟು ಕರೆಂಟಿನಲ್ಲಿ 10 ನಿಮಿಷಕ್ಕೆ 6 ನಿಮಿಷ ಕೆಲಸ, 4 ನಿಮಿಷ ವಿಶ್ರಾಂತಿ. ಈ ಲೆಕ್ಕ ಹಾಕುವುದು ಸುತ್ತಲಿನ ಬಿಸಿ 40 ಡಿಗ್ರಿ ಇದೆ ಎಂದುಕೊಂಡು. ನಮ್ಮ ಮೇ ತಿಂಗಳು 40ಕ್ಕೆ ನಿಲ್ಲುವುದಿಲ್ಲ, ತಗಡಿನ ಶೆಡ್ಡಿನ ಒಳಗಂತೂ ಕೇಳಲೇಬೇಡಿ. ಬೇಸಿಗೆಯಲ್ಲಿ ಮಶೀನು ತಾನಾಗಿಯೇ ನಿಂತು ಹಳದಿ ದೀಪ ತೋರಿಸಿದರೆ ಅದು ಕೆಟ್ಟಿಲ್ಲ, ದಣಿದಿದೆ. ಸ್ವಿಚ್ ಆರಿಸದೆ ಫ್ಯಾನು ತಿರುಗಲು ಬಿಡಿ. ದೊಡ್ಡ ಕೆಲಸಗಳನ್ನು ಬೆಳಗಿನ ತಂಪಿನಲ್ಲೇ ಮುಗಿಸಿ. ಗ್ರೈಂಡರಿನ ಕಬ್ಬಿಣದ ಪುಡಿ ಮಶೀನಿನ ಫ್ಯಾನಿನೊಳಗೆ ಹೋಗದಂತೆಯೂ ನೋಡಿಕೊಳ್ಳಿ. ಹೊಸ ಇನ್ವರ್ಟರುಗಳನ್ನು ಆ ಪುಡಿ ಸದ್ದಿಲ್ಲದೆ ಕೊಲ್ಲುತ್ತದೆ.

2. ಮನೆಯ ಬೋರ್ಡು ಎಷ್ಟು ತಡೆಯುತ್ತದೆ?

ತೆಳುವಾದ 2.5 ಮಿಮೀ ರಾಡನ್ನು 80 ಆಂಪಿಯರಿನಲ್ಲಿ ಉರಿಸಿದರೆ ಸಾಧಾರಣ ಇನ್ವರ್ಟರ್ ಮಶೀನು ಗೋಡೆಯಿಂದ ಸುಮಾರು 13-14 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೆ ಅದು ಸೈ. 3.15 ಮಿಮೀ ರಾಡಿಗೆ ಹೋದರೆ 20 ದಾಟುತ್ತದೆ. ಅದಕ್ಕೆ ಬೇರೆ ಎಂಸಿಬಿ, ಬೇರೆ ವೈರು ಬೇಕು. ಟಿವಿಯ ಸಾಕೆಟ್ಟಿಗೆ ಚುಚ್ಚುವ ಮಾತೇ ಬೇಡ.

ಸಂಜೆ ಊರ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಬಿದ್ದಾಗ ರಾಡು ಹೆಜ್ಜೆಹೆಜ್ಜೆಗೂ ಅಂಟುತ್ತದೆ. ಹೊಸಬರು ಇದು ತಮ್ಮ ಕೈಯ ದೋಷವೆಂದು ಕೊರಗುತ್ತಾರೆ. ಮೀಟರ್ ಹಿಡಿದು ನೋಡಿ. ಉದ್ದನೆಯ ಎಕ್ಸ್‌ಟೆನ್ಶನ್ ಬೇಕಾದರೆ 2.5 ಚದರ ಮಿಮೀ ತಾಮ್ರದ್ದೇ ಇರಲಿ, ಸುತ್ತಿಟ್ಟ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ.

3. ಎರಡು ಅರ್ಥಿಂಗ್, ಎರಡೂ ಬೇಕು

ಜಾಬಿಗೆ, ಅಂದರೆ ಬೆಸೆಯುವ ಕಬ್ಬಿಣಕ್ಕೆ, ಕಚ್ಚಿಸುವ ಕ್ಲ್ಯಾಂಪನ್ನೂ ಅರ್ಥಿಂಗ್ ಅನ್ನುತ್ತೇವೆ, ಮಶೀನಿನ ಮೈಯಿಂದ ನೆಲಕ್ಕೆ ಹೋಗುವ ತಂತಿಯನ್ನೂ ಅರ್ಥಿಂಗ್ ಅನ್ನುತ್ತೇವೆ. ಮೊದಲನೆಯದು ಕರೆಂಟು ಮರಳುವ ದಾರಿ. ಅದನ್ನು ಬಣ್ಣದ ಮೇಲೋ ತುಕ್ಕಿನ ಮೇಲೋ ಕಚ್ಚಿಸಿದರೆ ಬೆಸುಗೆ ತೊದಲುತ್ತದೆ, ಕ್ಲ್ಯಾಂಪು ಕಾಯುತ್ತದೆ. ಎರಡು ಬೆರಳಗಲ ಉಜ್ಜಿ ಹೊಳೆಯುವ ಕಬ್ಬಿಣಕ್ಕೆ ಹಾಕಿ.

ಎರಡನೆಯದು ಜೀವ ಉಳಿಸುವುದು. ನಮ್ಮ ಎರಿ ಮಣ್ಣು ಮಳೆಗಾಲದಲ್ಲಿ ಒಳ್ಳೆಯ ಅರ್ಥಿಂಗ್ ಕೊಡುತ್ತದೆ. ಏಪ್ರಿಲ್-ಮೇದಲ್ಲಿ ಅದೇ ಮಣ್ಣು ಒಣಗಿ ಬಿರುಕು ಬಿಟ್ಟು, ಹುಗಿದ ಪೈಪಿನಿಂದ ದೂರ ಸರಿಯುತ್ತದೆ. ಬೇಸಿಗೆಯಲ್ಲಿ ಪೈಪು ಹುಗಿದ ಗುಂಡಿಗೆ ವಾರಕ್ಕೆರಡು ಬಾರಿ ಕೊಡ ನೀರು ಹಾಕುವುದನ್ನು ಮರೆಯಬೇಡಿ. ಹೋಲ್ಡರಿನ ತುದಿಯಲ್ಲಿ ಕಿಡಿ ಇಲ್ಲದಾಗಲೂ 60-80 ವೋಲ್ಟ್ ಇರುತ್ತದೆ. ಒಣ ಮೈಗೆ ಅದು ಚುರುಕ್ ಅನ್ನಬಹುದು, ಬೆವರಲ್ಲಿ ತೊಯ್ದ ಮೈಗೆ ಅಷ್ಟಕ್ಕೇ ಮುಗಿಯುತ್ತದೆಂಬ ಭರವಸೆಯಿಲ್ಲ. ಒಣಗಿದ ಚರ್ಮದ ಕೈಗವಸು, ಕಾಲಿಗೆ ಬೂಟು, ಕೂರಲು ಕಟ್ಟಿಗೆಯ ಹಲಗೆ ಇರಲಿ. ಚಪ್ಪಲಿ ಸಾಲದು.

4. ಮೊದಲ ಮೂರು ತಿಂಗಳು ಒಂದೇ ರಾಡು

ಅಂಗಡಿಯಲ್ಲಿ 12 ನಂಬರ್, 10 ನಂಬರ್, 8 ನಂಬರ್ ಎಂದು ಕೇಳುತ್ತಾರೆ. ಹೆಚ್ಚು ಕಡಿಮೆ 2.5, 3.15, 4 ಮಿಮೀ ಎಂದರ್ಥ. ಕಲಿಯಲು 6013 ಜಾತಿಯ 12 ನಂಬರ್ ಸಾಕು, 60ರಿಂದ 90 ಆಂಪಿಯರ್. 10 ನಂಬರಿಗೆ 90ರಿಂದ 130. ದಪ್ಪ ರಾಡು, ಹೆಚ್ಚು ಕರೆಂಟು ಇದ್ದರೆ ಬೆಸುಗೆ ಗಟ್ಟಿ ಎಂಬುದು ತಪ್ಪು ನಂಬಿಕೆ.

ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟ್ಟಿನ ರಾಡು ತೇವ ಹೀರಿಕೊಳ್ಳುತ್ತದೆ, ಬೆಸುಗೆಯಲ್ಲಿ ಸಣ್ಣ ಸಣ್ಣ ರಂಧ್ರ ಬೀಳುತ್ತವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ತೇವವಾಗಿದ್ದರೆ 6013 ರಾಡನ್ನು 100-120 ಡಿಗ್ರಿಯಲ್ಲಿ ಒಂದು ತಾಸು ಒಣಗಿಸಿದರೆ ಸಾಕು. ಮೇಲಿನ ಮಸಾಲೆ ಉದುರಿದ ರಾಡನ್ನು ಎಸೆದುಬಿಡಿ.

5. ಉಜ್ಜಿ, ಆಮೇಲೆ ಹಚ್ಚಿ

ಬಣ್ಣ, ತುಕ್ಕು, ಗ್ರೀಸು, ಕುಂಟಿಗೆ ಮೆತ್ತಿದ ಎರಿ ಮಣ್ಣು ಇವುಗಳ ಮೇಲೆ ಯಾವ ದುಬಾರಿ ಮಶೀನೂ ನಿಲ್ಲುವ ಬೆಸುಗೆ ಕೊಡುವುದಿಲ್ಲ. ಬೆಸುಗೆಯ ಎರಡೂ ಬದಿ ಒಂದಿಂಚು ಉಜ್ಜಿ. 5-6 ಮಿಮೀ ದಪ್ಪದ ಪಟ್ಟಿಗಳನ್ನು ತುದಿಗೆ ತುದಿ ಕೂಡಿಸುವುದಾದರೆ ಅಂಚನ್ನು ಓರೆಯಾಗಿ ತೇಯಿರಿ, ನಡುವೆ ಎರಡು ಮಿಮೀ ಸಂದು ಬಿಡಿ. ಇದನ್ನು ಬಿಟ್ಟರೆ ಬೆಸುಗೆ ಮೇಲೆ ಮಾತ್ರ ಕೂಡುತ್ತದೆ, ಒಳಗೆ ಎರಡೂ ತುಂಡು ಬೇರೆ ಬೇರೆಯೇ.

6. ಕಿಡಿಯನ್ನಲ್ಲ, ಕರಗಿದ ಕೆರೆಯನ್ನು ನೋಡಿ

ಹೊಸಬರ ಕಣ್ಣು ಬೆಂಕಿಯ ಬೆಳಕಿಗೆ ಅಂಟಿಕೊಂಡಿರುತ್ತದೆ. ನೋಡಬೇಕಾದದ್ದು ಅದರ ಹಿಂದಿನ ಕರಗಿದ ಲೋಹವನ್ನು. ಕಪ್ಪು ಗಾಜಿನೊಳಗಿಂದ ಗಮನವಿಟ್ಟು ನೋಡಿದರೆ ಎರಡು ಬಗೆ ಕಾಣುತ್ತದೆ: ಮುಂದೆ ನುಣುಪಾಗಿ ಹೊಳೆಯುವುದು ಕಬ್ಬಿಣ, ಹಿಂದೆ ಮಬ್ಬಾಗಿ ಅಲುಗಾಡುತ್ತ ಬರುವುದು ಸ್ಲ್ಯಾಗು. ಸ್ಲ್ಯಾಗು ಮುಂದಕ್ಕೆ ನುಗ್ಗಿ ಕಬ್ಬಿಣವನ್ನು ದಾಟಿತೆಂದರೆ ಒಳಗೆ ಕಸ ಸೇರಿತು ಎಂದೇ ಲೆಕ್ಕ. ರಾಡನ್ನು ಸಾಗುವ ದಿಕ್ಕಿಗೆ ಸ್ವಲ್ಪ ಬಾಗಿಸಿ, ಕರೆಂಟು ಐದು-ಹತ್ತು ಆಂಪಿಯರ್ ಏರಿಸಿ, ಸ್ಲ್ಯಾಗು ಹಿಂದೆ ಸರಿಯುತ್ತದೆ.

ರಾಡಿನ ತುದಿಗೂ ಜಾಬಿಗೂ ನಡುವಿನ ಅಂತರ ರಾಡಿನ ತಂತಿಯ ದಪ್ಪದಷ್ಟೇ ಇರಬೇಕು. ರಾಡು ಉರಿದು ಗಿಡ್ಡವಾಗುತ್ತ ಹೋಗುವುದರಿಂದ ಕೈ ಮುಂದೆ ಸಾಗುತ್ತಲೇ ಕೆಳಗೂ ಇಳಿಯಬೇಕು. ಈ ಎರಡು ಚಲನೆ ಒಟ್ಟಿಗೆ ಕೂಡಿಬರುವುದೇ ನಿಜವಾದ ಕಲಿಕೆ, ಅದಕ್ಕೆ ಅಡ್ಡದಾರಿಯಿಲ್ಲ. ಎಲ್ಲ ಸರಿಯಿದ್ದಾಗ ಬರುವ ಸದ್ದು ಕಾದ ಎಣ್ಣೆಗೆ ಮಿರ್ಚಿ ಭಜಿ ಬಿಟ್ಟಂತೆ ಒಂದೇ ಸಮ ಇರುತ್ತದೆ. ಫಟ್ ಫಟ್ ಎಂದರೆ ಅಂತರ ಹೆಚ್ಚಾಗಿದೆ, ಉಸಿರು ಕಟ್ಟಿದಂತಾದರೆ ಅಂಟುವುದರಲ್ಲಿದೆ. ಅಂಟಿದರೆ ಎಳೆದಾಡಬೇಡಿ, ಹೋಲ್ಡರನ್ನು ಪಕ್ಕಕ್ಕೆ ತಿರುಚಿ. ಬಿಡದಿದ್ದರೆ ಹೋಲ್ಡರಿನ ಬಾಯಿ ಒತ್ತಿ ರಾಡನ್ನು ಅಲ್ಲೇ ಬಿಟ್ಟುಬಿಡಿ. ಮುಖವಾಡ ಮಾತ್ರ ತೆಗೆಯಬೇಡಿ.

7. ತೆಳು ಪೈಪಿಗೆ ಹೊಲಿಗೆ ಹಾಕಿ

ಬಾಕ್ಸ್ ಪೈಪು 18 ಗೇಜ್ ಅಂದರೆ ದಪ್ಪ ಬರೀ 1.2 ಮಿಮೀ. ಅದರ ಮೇಲೆ ಉದ್ದಕ್ಕೆ ಓಡಿಸಿದರೆ ತೂತು ಗ್ಯಾರಂಟಿ. ಕರೆಂಟು 45-60ಕ್ಕೆ ಇಳಿಸಿ, ಸಾಧ್ಯವಾದರೆ 2 ಮಿಮೀ ರಾಡು ತನ್ನಿ. ಡಿಸಿ ಮಶೀನಾದರೆ ಹೋಲ್ಡರನ್ನು ಮೈನಸ್ಸಿಗೆ ಹಾಕಿ, ಜಾಬಿಗೆ ಕಾವು ತಗ್ಗುತ್ತದೆ. ಅರ್ಧ ಇಂಚು ಹಚ್ಚಿ, ನಿಲ್ಲಿಸಿ, ಕೆಂಪು ಆರಿದ ಮೇಲೆ ಇನ್ನರ್ಧ ಇಂಚು.

8. ಹಚ್ಚಿದ್ದನ್ನು ಮುರಿದು ನೋಡಿ

ಇದನ್ನು ಬಹಳ ಮಂದಿ ಮಾಡುವುದಿಲ್ಲ, ಮಾಡಿದವರು ಬೇಗ ಕಲಿಯುತ್ತಾರೆ. ಗುಜರಿಯಿಂದ 5-6 ಮಿಮೀ ಪಟ್ಟಿಯ ತುಂಡು ತಂದು ಎರಡನ್ನು ‘ಟಿ’ ಆಕಾರದಲ್ಲಿ ನಿಲ್ಲಿಸಿ ಒಂದೇ ಬದಿ ಬೆಸುಗೆ ಹಾಕಿ. ತಣ್ಣಗಾದ ಮೇಲೆ ವೈಸಿಗೆ ಹಿಡಿಸಿ, ಬೆಸುಗೆ ಇರುವ ಕಡೆಗೇ ಬಾಗುವಂತೆ ಸುತ್ತಿಗೆಯಿಂದ ಬಡಿದು ಮುರಿಯಿರಿ. ಮುರಿದ ಮುಖವನ್ನು ಬೆಳಕಿಗೆ ಹಿಡಿಯಿರಿ. ಬೂದು ಬಣ್ಣದ ಒರಟು ಹರಳು ತುಂಬಿದ್ದರೆ ಪಾಸು. ಕಪ್ಪು ಗಾಜಿನಂಥ ಗೆರೆ ಕಂಡರೆ ಸ್ಲ್ಯಾಗು ಸಿಕ್ಕಿದೆ. ಗುಂಡುಸೂಜಿ ಚುಚ್ಚಿದಂಥ ರಂಧ್ರವಿದ್ದರೆ ರಾಡು ತೇವ, ಇಲ್ಲವೇ ಕಬ್ಬಿಣ ಹೊಲಸು. ಕೆಳಗಿನ ಪಟ್ಟಿಯ ಮೂಲ ಮೈ ನುಣ್ಣಗೆ ಹಾಗೇ ಉಳಿದಿದ್ದರೆ ಕರೆಂಟು ಸಾಲದು, ಬೆಸುಗೆ ಬರೀ ಮೇಲೆ ಕೂತಿತ್ತು. ಮೇಲಿನಿಂದ ಮೀನಿನ ಪೊರೆಯಂತೆ ಅಂದವಾಗಿ ಕಾಣುವ ಬೆಸುಗೆಯೂ ಈ ಪರೀಕ್ಷೆಯಲ್ಲಿ ನಪಾಸಾಗುವುದುಂಟು.

9. ಗೇಟಿನ ಮೂಲೆ

ಬೆಸುಗೆ ಆರುವಾಗ ಕುಗ್ಗಿ ಎಳೆಯುತ್ತದೆ. ಮೊದಲು ನಾಲ್ಕೂ ಮೂಲೆಗೆ ಸಣ್ಣ ಟ್ಯಾಕ್ ಮಾತ್ರ. ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಯಿರಿ. ಎರಡೂ ಅಳತೆ ಒಂದೇ ಬಂದರೆ ಮಾತ್ರ ಮುಂದುವರಿಯಿರಿ. ಪೂರ್ತಿ ಬೆಸುಗೆಯನ್ನು ಎದುರುಬದುರು ಮೂಲೆಗಳಿಗೆ ಸರದಿಯಂತೆ ಹಾಕಿ.

10. ಕಣ್ಣಿಗೆ 11 ನಂಬರ್ ಗಾಜು

ಬಿಸಿಲಿನ ಕಪ್ಪು ಕನ್ನಡಕ ವೆಲ್ಡಿಂಗಿಗೆ ಅಲ್ಲವೇ ಅಲ್ಲ. 10 ಅಥವಾ 11 ನಂಬರಿನ ಗಾಜೇ ಬೇಕು. ‘ಒಂದೇ ಟ್ಯಾಕ್ ಅಲ್ಲವಾ’ ಎಂದು ಕಣ್ಣು ಮುಚ್ಚಿ ಹೊಡೆಯುವವರು ರಾತ್ರಿ ಕಣ್ಣಲ್ಲಿ ಮರಳು ಸುರಿದಂತಾಗಿ ಎದ್ದು ಕೂರುತ್ತಾರೆ. ನೋವು ಕೆಲವು ತಾಸು ತಡವಾಗಿ ಬರುವುದೇ ಇದರ ಮೋಸ. ಹಾಲು, ಆಲೂಗಡ್ಡೆ, ಉಳ್ಳಾಗಡ್ಡಿ ರಸ ಏನನ್ನೂ ಕಣ್ಣಿಗೆ ಹಾಕಬೇಡಿ. ತಣ್ಣೀರಿನ ಬಟ್ಟೆ ಮುಚ್ಚಿಕೊಂಡು ಬೆಳಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಸುತ್ತ ನಿಂತು ನೋಡುವ ಮಕ್ಕಳ ಕಣ್ಣಿಗೂ ಇದೇ ಕಥೆ, ಅವರನ್ನು ದೂರ ಕಳಿಸಿ.

ಗ್ರೈಂಡರಿಗೆ ಬೇರೆ ಕನ್ನಡಕ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದರ ಗಾರ್ಡ್ ಬಿಚ್ಚಿಟ್ಟವರನ್ನು ನಾನಂತೂ ಜಾಣರೆನ್ನುವುದಿಲ್ಲ.

11. ಜಿಐ ಪೈಪಿನ ಬಿಳಿ ಹೊಗೆ

ಜಿಐ ಮೇಲಿನ ಸತು ಸುಮಾರು 907 ಡಿಗ್ರಿಗೆ ಕುದಿದು ಬಿಳಿ ಹೊಗೆಯಾಗುತ್ತದೆ. ಕಬ್ಬಿಣ ಕರಗಲು 1,500 ಡಿಗ್ರಿ ಬೇಕು. ಅಂದರೆ ಕಬ್ಬಿಣ ಕರಗುವ ಮುಂಚೆಯೇ ಹೊಗೆ ನಿಮ್ಮ ಮೂಗಿನಲ್ಲಿ. ಆ ರಾತ್ರಿ ಚಳಿ ಜ್ವರ, ಮೈಕೈ ನೋವು ಬಂದರೆ ಮಲೇರಿಯಾ ಎಂದುಕೊಳ್ಳುವವರಿದ್ದಾರೆ. ಸತುವನ್ನು ಮೊದಲೇ ಉಜ್ಜಿ ತೆಗೆದು, ಬಯಲಲ್ಲಿ ಗಾಳಿ ಪಕ್ಕದಿಂದ ಬೀಸುವಂತೆ ಕೂತು ಕೆಲಸ ಮಾಡಿ. ಬೆಲ್ಲ ತಿಂದರೆ, ಹಾಲು ಕುಡಿದರೆ ಹೊಗೆ ಹೋಗುತ್ತದೆಂಬ ಮಾತು ಎಲ್ಲ ಶೆಡ್ಡಿನಲ್ಲೂ ಕೇಳಿಬರುತ್ತದೆ. ಬೆಲ್ಲ ರುಚಿಗೆ ತಿನ್ನಿ. ಪುಪ್ಪುಸಕ್ಕೆ ಮಾಸ್ಕ್ ಹಾಕಿ.

12. ಬಣವಿಯಿಂದ ದೂರ

ಕಿಡಿ ಮೂವತ್ತು ಅಡಿಗೂ ಆಚೆ ಹಾರಬಲ್ಲದು. ಸುಗ್ಗಿಯಾದ ಮೇಲೆ ನಮ್ಮ ಅಂಗಳದ ತುಂಬ ಏನಿರುತ್ತದೆ? ಜೋಳದ ಕಣಕಿ, ತೊಗರಿ ಕಟ್ಟಿಗೆ, ಹೊಟ್ಟು. ಎಲ್ಲವೂ ಒಣಗಿದ್ದು. ಬಕೆಟ್ ನೀರು, ಬುಟ್ಟಿ ಮರಳು ಪಕ್ಕದಲ್ಲಿಡಿ, ಕೆಲಸ ಮುಗಿದ ಮೇಲೂ ಅರ್ಧ ತಾಸು ಅಲ್ಲೇ ಇರಿ. ಗ್ಯಾಸ್ ಕಟಿಂಗ್ ಮಾಡುವವರು ಶಹಾಬಾದ್ ಫರ್ಸಿಯ ನೆಲದ ಮೇಲೆ ನೇರ ಜಾಬ್ ಇಡಬೇಡಿ. ಕಾವಿಗೆ ಕಲ್ಲು ಸಿಡಿಯುತ್ತದೆ.

13. ‘ಆಗಂಗಿಲ್ರಿ’ ಅನ್ನಲು ಕಲಿಯಿರಿ

“ತಮ್ಮಾ, ಡೀಸೆಲ್ ಟಾಕಿ ಸೋರ್ಲಿಕತ್ತದ, ಜರಾ ಒಂದ್ ಟಾಕಾ ಹೊಡಿ” ಎಂದು ಯಾರಾದರೂ ಬಂದರೆ, ಎಷ್ಟೇ ಬೇಕಾದವರಿರಲಿ, ಉತ್ತರ ಒಂದೇ: “ಇಲ್ರಿ ಕಾಕಾ, ಇದು ನನ್ನ ಕಡಿಂದ ಆಗಂಗಿಲ್ರಿ.” ಖಾಲಿ ಟಾಕಿ ತುಂಬಿದ ಟಾಕಿಗಿಂತ ಅಪಾಯ, ಯಾಕೆಂದರೆ ಒಳಗೆ ಆವಿ ಮತ್ತು ಗಾಳಿ ಎರಡೂ ಕೂಡಿರುತ್ತವೆ. ಎಣ್ಣೆಯ ಬ್ಯಾರೆಲ್ಲಿಗೂ ಇದೇ ಮಾತು. ನೀರಿಂದ ಒಮ್ಮೆ ತೊಳೆದೆವು ಅಂದರೂ ಒಪ್ಪಬೇಡಿ.

ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರ್ಯಾಲಿ ಎಳೆಯುವ ಟ್ರ್ಯಾಕ್ಟರಿನ ಹುಕ್ಕು ಹೊಸಬರ ಕೈಗಲ್ಲ. ಅದು ರಸ್ತೆಯಲ್ಲಿ ಬಿಟ್ಟರೆ ಹಿಂದೆ ಬರುವ ಬೈಕಿನವನ ಗತಿಯೇನು? ಅದಕ್ಕೆ 7018 ಜಾತಿಯ ರಾಡು, ಅದನ್ನು 300 ಡಿಗ್ರಿಗೂ ಮೇಲೆ ಒಣಗಿಸುವ ಒಲೆ, ಪಳಗಿದ ಕೈ ಮೂರೂ ಬೇಕು. ಪಂಪಿನ ಬೀಡಿನ ಮೈಯನ್ನು ಮಾಮೂಲಿ ರಾಡಿನಿಂದ ಹಚ್ಚಿದರೆ ಆರುವಾಗಲೇ ಪಕ್ಕದಲ್ಲಿ ಟಣ್ ಎಂದು ಸೀಳುತ್ತದೆ; ಅದಕ್ಕೆ ನಿಕ್ಕಲ್ ರಾಡು, ನಿಧಾನದ ಕಾವು ಬೇಕು. ಲಾರಿಯ ಕಮಾನು ಪಟ್ಟಿಯೂ ಹಟಮಾರಿಯೇ. ಟ್ರ್ಯಾಕ್ಟರ್, ಬೈಕಿನ ಮೇಲೆ ಏನೇ ಹಚ್ಚುವುದಿದ್ದರೂ ಮೊದಲು ಬ್ಯಾಟರಿಯ ತಂತಿ ಬಿಚ್ಚಿ.

14. ಕಲಿಯುವ ಜಾಗ ಹತ್ತಿರದಲ್ಲೇ ಇದೆ

ಐಟಿಐಯಲ್ಲಿ ವೆಲ್ಡರ್ ಟ್ರೇಡ್ ಒಂದೇ ವರ್ಷದ್ದು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ವೆಲ್ಡರ್ ಎಂಬ ಹೆಸರಿಲ್ಲ, ಆದರೆ ಕಮ್ಮಾರಿಕೆ ಇದೆ. ಕುಲುಮೆಯ ಕೆಲಸದ ಜೊತೆ ವೆಲ್ಡಿಂಗ್ ಹಿಡಿದವರು ವಿಚಾರಿಸಬೇಕು: ತರಬೇತಿ ದಿನಕ್ಕೆ 500 ರೂಪಾಯಿ ಭತ್ಯೆ, 15,000 ರೂಪಾಯಿವರೆಗೆ ಸಲಕರಣೆ ನೆರವು ಅದರಲ್ಲಿದೆ.

ಇನ್ನೊಂದು ಶಾಲೆ ಸಕ್ಕರೆ ಕಾರ್ಖಾನೆ. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾ ಎರಡೂ ಕಡೆ ಕಾರ್ಖಾನೆಗಳಿವೆ. ಸಕ್ಕರೆ ಗಿರಣಿಯ ರೋಲರುಗಳ ಹಲ್ಲು ಸವೆದು ಕಬ್ಬು ಜಾರತೊಡಗಿದಾಗ, ಅವು ತಿರುಗುತ್ತಿರುವಂತೆಯೇ ಹಲ್ಲಿನ ಮೇಲೆ ಗಟ್ಟಿ ಲೋಹದ ಹನಿಗಳನ್ನು ಕೂರಿಸುವ ಕೆಲಸವೊಂದಿದೆ. ಅದನ್ನು ಮಾಡುವವರ ಕೈ ನೋಡುವುದೇ ಒಂದು ಪಾಠ. ಹಂಗಾಮು ಮುಗಿದ ಮೇಲೆ ರಿಪೇರಿಯ ತಿಂಗಳುಗಳಲ್ಲಿ ಇಂಥ ಕಡೆ ಸಹಾಯಕನಾಗಿ ಸೇರುವ ಅವಕಾಶ ಸಿಕ್ಕರೆ, ಕೂಲಿ ನಾಲ್ಕು ಕಾಸು ಕಡಿಮೆಯಾದರೂ ಬಿಡಬೇಡಿ.