ಬೋರಲು ಕೇಕಿನ ರಸಾಯನ

ಕೇಕು ಬೇಯಿಸಲು ವಿದ್ಯುತ್ ಒಲೆಯೂ ಕೋಳಿಮೊಟ್ಟೆಯೂ ಇರಲೇಬೇಕೆಂಬ ಭಾವನೆ ಅನೇಕರಲ್ಲುಂಟು. ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಂಥ ಊರಿನ ಮನೆಗಳಲ್ಲಿ ದೊರೆಯುವ ಬಾಳೆಹಣ್ಣು, ಬೆಲ್ಲ, ಮೊಸರುಗಳೇ ಇದಕ್ಕೆ ಸಾಕು. ಮೊಟ್ಟೆಯಿಲ್ಲದೆ ಬೇಯಿಸುವ ವಿದ್ಯೆ ಹಾಸನದವರಿಗೆ ಹೊಸದೂ ಅಲ್ಲ. ೧೮೯೮ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ. ಬಿ. ಬೇಕರಿಯನ್ನು ತೆರೆದು, ಅಯ್ಯಂಗಾರ್ ಬೇಕರಿಗಳ ಪರಂಪರೆಗೆ ನಾಂದಿ ಹಾಡಿದ ಎಚ್. ಎಸ್. ತಿರುಮಲಾಚಾರ್ಯರು ಹಾಸನದ ಕಡೆಯವರೇ.

ಹಣ್ಣನ್ನು ತಳದಲ್ಲಿ ಜೋಡಿಸಿ, ಮೇಲೆ ಹಿಟ್ಟು ಸುರಿದು ಬೇಯಿಸಿ, ಕೊನೆಗೆ ಬೋರಲು ಹಾಕುವ ಕೇಕು ಇದು. ಹೀಗೇಕೆ ತಲೆಕೆಳಗು? ಹಸಿ ಹಿಟ್ಟಿನ ಮೇಲೆ ಭಾರವಾದ ಹಣ್ಣನ್ನಿಟ್ಟರೆ ಅದು ಮುಳುಗುತ್ತದೆ; ತಳದಲ್ಲಿಟ್ಟರೆ ಜೋಡಿಸಿದ ಹಾಗೆಯೇ ನಿಲ್ಲುತ್ತದೆ. ಪಾತ್ರೆಯ ಬಿಸಿ ನೇರವಾಗಿ ಬೆಲ್ಲಕ್ಕೆ ತಾಕಿ, ಅದು ಪಾಕವಾಗುತ್ತದೆ.

ಎಂಟು ಅಂಗುಲದ ತಟ್ಟೆಗೆ ೫೦ ಗ್ರಾಂ ಬೆಣ್ಣೆಯನ್ನೂ ೧೦೦ ಗ್ರಾಂ ಪುಡಿಬೆಲ್ಲವನ್ನೂ ಕರಗಿಸಿ ಹರಡಿ, ಮಾಗಿದರೂ ಗಟ್ಟಿಯಾಗಿರುವ ಮೂರು ಬಾಳೆಹಣ್ಣುಗಳ ಬಿಲ್ಲೆಗಳನ್ನು ಜೋಡಿಸಬೇಕು. ೨೦೦ ಗ್ರಾಂ ಮೈದಾಹಿಟ್ಟಿಗೆ ಅರ್ಧ ಟೀ ಚಮಚ ಅಡಿಗೆ ಸೋಡವನ್ನು ಬೆರೆಸಿ ಜರಡಿ ಹಿಡಿಯಬೇಕು. ಬೇರೆ ಪಾತ್ರೆಯಲ್ಲಿ ೨೦೦ ಮಿಲಿಲೀಟರ್ ಹುಳಿಮೊಸರು, ೧೨೫ ಗ್ರಾಂ ಸಕ್ಕರೆ, ೭೫ ಮಿಲಿಲೀಟರ್ ಎಣ್ಣೆಗಳನ್ನು ಕಲಸಿ, ಹಿಟ್ಟನ್ನು ಅದಕ್ಕೆ ಸೇರಿಸಬೇಕು.

ಇಲ್ಲಿಂದ ಮುಂದೆ ಗಡಿಯಾರದ ಮೇಲೆ ಕಣ್ಣಿರಲಿ. ಮೊಸರಿನ ಲ್ಯಾಕ್ಟಿಕ್ ಆಮ್ಲವು ಸೋಡದೊಡನೆ ಸೇರಿದೊಡನೆಯೇ ಇಂಗಾಲದ ಡೈಆಕ್ಸೈಡ್ ಅನಿಲ ಹುಟ್ಟತೊಡಗುತ್ತದೆ. ಅರ್ಧ ಚಮಚ, ಅಂದರೆ ಸುಮಾರು ೨.೫ ಗ್ರಾಂ ಸೋಡ ಪೂರ್ಣವಾಗಿ ವರ್ತಿಸಿದರೆ ಸಾಧಾರಣ ಉಷ್ಣತೆಯಲ್ಲಿ ೭೦೦ ಮಿಲಿಲೀಟರಿನಷ್ಟು ಅನಿಲ ಬರುತ್ತದೆ. ಕಲಸುತ್ತ ಕುಳಿತರೆ ಅದು ಗಾಳಿಯ ಪಾಲಾಗುತ್ತದೆ. ಅತಿಯಾಗಿ ಕಲಸಿದರೆ ಗೋದಿಯ ಗ್ಲುಟೆನ್ ಬಿಗಿಯಾಗಿ ಕೇಕು ರಬ್ಬರಿನಂತಾಗುವುದೂ ಉಂಟು. ಇನ್ನು ಮೊಸರನ್ನೇ ಬಿಟ್ಟರೆ? ಆಗ ಕಾವಿನಿಂದ ಮಾತ್ರವೇ ಒಡೆಯುವ ಸೋಡ ಅರ್ಧದಷ್ಟೇ ಅನಿಲವನ್ನು ಕೊಟ್ಟು, ಒಗೆಯುವ ಸೋಡವನ್ನು ಹಿಂದೆ ಉಳಿಸುತ್ತದೆ. ಕೇಕು ಸಾಬೂನಿನ ರುಚಿಗೆ ತಿರುಗಲು ಇದೇ ಕಾರಣ.

ಆದ್ದರಿಂದ ಹಿಟ್ಟನ್ನು ಕೂಡಲೆ ಹಣ್ಣಿನ ಮೇಲೆ ಸುರಿದು ಒಲೆಗಿಡಬೇಕು. ದಪ್ಪ ತಳದ ಪಾತ್ರೆಯಲ್ಲಿ ಒಣ ಮರಳನ್ನು ಹರಡಿ, ಅದರ ಮೇಲೆ ಕಬ್ಬಿಣದ ಬಳೆಯೊಂದನ್ನಿಟ್ಟು, ಮುಚ್ಚಿ ಹತ್ತು ನಿಮಿಷ ಮೊದಲೇ ಕಾಯಿಸಿರಬೇಕು. ಬಳೆಯ ಮೇಲೆ ತಟ್ಟೆಯನ್ನಿಟ್ಟು ಸಣ್ಣ ಉರಿಯಲ್ಲಿ ಸುಮಾರು ೪೫ ನಿಮಿಷ ಬೇಯಿಸಿದರೆ ಸಾಕು. ನಡುವೆ ಚುಚ್ಚಿದ ಕಡ್ಡಿ ಒಣಗಿ ಬಂದರೆ ಬೆಂದಿದೆಯೆಂದು ತಿಳಿಯಬಹುದು. ಒಳಗೆ ನಡೆದಿರುವುದೇನೆಂದರೆ, ಅನಿಲದ ಗುಳ್ಳೆಗಳು ಹಿಗ್ಗಿ ಹಿಟ್ಟು ಉಬ್ಬಿದೆ; ಪಿಷ್ಟದ ಕಣಗಳು ನೀರು ಹೀರಿ ಊದಿ, ಗ್ಲುಟೆನ್ನಿನೊಡನೆ ಗುಳ್ಳೆಗಳ ಸುತ್ತ ಗೋಡೆ ಕಟ್ಟಿವೆ. ಮೊಟ್ಟೆಯಿದ್ದಿದ್ದರೆ ಅದರ ಪ್ರೋಟೀನು ಹೆಪ್ಪುಗಟ್ಟಿ ಈ ಕೆಲಸದಲ್ಲಿ ನೆರವಾಗುತ್ತಿತ್ತು. ಇಲ್ಲಿ ಭಾರವೆಲ್ಲ ಹಿಟ್ಟಿನದೇ.

ಬೋರಲು ಹಾಕುವುದು ಯಾವಾಗ? ಒಲೆಯಿಂದ ಇಳಿಸಿದೊಡನೆಯೇ ಮಗುಚಿದರೆ ಪಿಷ್ಟ ಇನ್ನೂ ಮೆತ್ತಗಿದ್ದು ಕೇಕು ಮುರಿಯುತ್ತದೆ. ಕುದಿಬೆಲ್ಲ ಕೈಯನ್ನೂ ಸುಡುತ್ತದೆ. ಪೂರ್ತಿ ಆರಿದ ಮೇಲಾದರೆ ಪಾಕ ಗಟ್ಟಿಯಾಗಿ ಹಣ್ಣು ತಟ್ಟೆಗೇ ಅಂಟುತ್ತದೆ. ತಣಿದಂತೆ ಕೇಕು ಬಲವಾಗುತ್ತದೆ, ಪಾಕವೂ ಗಟ್ಟಿಯಾಗುತ್ತದೆ: ಒಂದು ನಮಗೆ ಅನುಕೂಲ, ಇನ್ನೊಂದು ಪ್ರತಿಕೂಲ. ಇವೆರಡರ ನಡುವಣ ಹತ್ತು ನಿಮಿಷವೇ ಸರಿಯಾದ ಹೊತ್ತು. ಅಂಚನ್ನು ಚಾಕುವಿನಿಂದ ಬಿಡಿಸಿ, ಮೇಲೆ ಅಗಲವಾದ ತಟ್ಟೆಯನ್ನು ಮುಚ್ಚಿ, ದಪ್ಪ ಬಟ್ಟೆಯಿಂದ ಎರಡನ್ನೂ ಹಿಡಿದು ಒಮ್ಮೆಲೆ ಮಗುಚಬೇಕು.

ವಿದ್ಯಾರ್ಥಿಗಳು ಇದನ್ನೇ ಒಂದು ಪ್ರಯೋಗವಾಗಿಯೂ ಮಾಡಬಹುದು. ಕಲಸಿದ ಹಿಟ್ಟನ್ನು ಎರಡು ಸಮ ಬಟ್ಟಲುಗಳಿಗೆ ಹಂಚಿ, ಒಂದನ್ನು ಕೂಡಲೆ, ಇನ್ನೊಂದನ್ನು ಅರ್ಧ ಗಂಟೆ ಬಿಟ್ಟು ಅದೇ ಉರಿಯಲ್ಲಿ ಬೇಯಿಸಿ ಎತ್ತರವನ್ನು ಅಳೆಯಲಿ. ತಡಮಾಡಿದುದರ ಬೆಲೆ ಎಷ್ಟೆಂಬುದನ್ನು ಅಳತೆಪಟ್ಟಿಯೇ ಹೇಳುತ್ತದೆ.